ಅಕ್ಕನ ಕೆಂಪು ಗಾಡಿ ಮುನಿಸಿಕೊಂಡ ವಾರ

ಸೊರಬದ ಪೆಟ್ರೋಲ್ ಬಂಕಿನಲ್ಲಿ ಇವತ್ತು ಬೆಳಿಗ್ಗೆ ಒಂದು ಬೈಕು ಚಾಲೂ ಆಗಲಿಲ್ಲ. ಇದೂ ಒಂದು ಬರೆಯುವ ಸಂಗತಿಯೇ ಎನ್ನಬೇಡಿ. ಸಂಗತಿ ಬೈಕಿನದಲ್ಲ, ಅದರ ಸುತ್ತ ನೆರೆದವರದು. ನಮ್ಮ ಕಡೆ ಒಂದು ಇಂಜಿನ್ ಕೆಮ್ಮಿ ಸುಮ್ಮನಾದರೆ ಸಾಕು, ಅರ್ಧ ನಿಮಿಷದಲ್ಲಿ ಐದು ಜನ ಪಂಡಿತರು ಎಲ್ಲಿಂದಲೋ ಹುಟ್ಟಿಕೊಳ್ಳುತ್ತಾರೆ. ಒಬ್ಬ ಪ್ಲಗ್ಗು ಎನ್ನುತ್ತಾನೆ, ಒಬ್ಬ ಬ್ಯಾಟರಿ ಎನ್ನುತ್ತಾನೆ, ಮೂರನೆಯವನು ಏನೂ ಹೇಳದೆ ಗಾಡಿಯ ಯಜಮಾನನನ್ನೇ ಪಕ್ಕಕ್ಕೆ ಸರಿಸಿ ಕಿಕ್ ಹೊಡೆಯತೊಡಗುತ್ತಾನೆ. ಸ್ವಂತ ಮನೆಯ ನಲ್ಲಿ ತಿಂಗಳಿಂದ ಸೋರುತ್ತಿದ್ದರೂ ವಾಷರ್ ಹಾಕಿಸದ ಮಹಾನುಭಾವರು ಇವರು. ಸರದಿಯಲ್ಲಿ ಸ್ಕೂಟರಿನ ಮೇಲೆ ಕೂತು ಪೆಟ್ರೋಲಿನ ವಾಸನೆ ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದ ನನಗೆ ಉಡುತಡಿಯ ನಮ್ಮ ದೊಡ್ಡಕ್ಕನ ಕೆಂಪು ಗಾಡಿ ನೆನಪಾಯಿತು.

ಐದಾರು ವರ್ಷದ ಹಿಂದಿನ ಮಾತು. ಅಕ್ಕನಿಗೆ ಮೂವತ್ತು ಕುರಿಗಳು. ಕುರಿದೊಡ್ಡಿ ಇರುವುದು ಊರಿನಿಂದ ಒಂದು ಮೈಲಿ ಆಚೆ, ಮೆಕ್ಕೆಜೋಳದ ಹೊಲಗಳನ್ನು ದಾಟಿ, ಒಂದು ಹಳ್ಳ ಇಳಿದು ಹತ್ತಿದ ಮೇಲೆ. ಮೊಣಕಾಲು ಸವೆದುಹೋಗಿ ಅವಳು ಅಷ್ಟು ನಡೆಯಲಾರದಾದಾಗ, ಮಗ ಮಂಜ “ಕುರಿ ಮಾರಿಬಿಡು” ಎಂದ. ಮಂಜ ಕೆಟ್ಟವನಲ್ಲ. ಹೊಲದ ಕೆಲಸ ಮುಗಿಸಿ ಕುರಿಯನ್ನೂ ನೋಡು ಎಂದರೆ ಯಾರಿಗಾದರೂ ಸಾಕಾಗುತ್ತದೆ. ಆದರೆ ಅಕ್ಕ ಒಂದೊಂದು ಕುರಿಯನ್ನೂ ಅದರ ಅಜ್ಜಿಯ ಗುಣದಿಂದ ಗುರುತಿಸುವವಳು. ಮಾರಿದ ಮೇಲೆ ತಾನೇನು ಮಾಡಲಿ ಎಂದು ಅವಳು ಮಂಜನನ್ನೇ ಕೇಳಿದಳು. “ಟಿವಿ ನೋಡು” ಎಂದನಂತೆ.

ಆಗ ಶಿರಾಳಕೊಪ್ಪದ ಕಲೀಂಸಾಬರೆಂಬ ಮೆಕ್ಯಾನಿಕ್ ಅಕ್ಕನಿಗೆ ಆ ಗಾಡಿ ಕೊಡಿಸಿದರು. ಪೇಟೆಯ ಜನ ರೆಸಾರ್ಟುಗಳಿಗೆ ಬಂದು, ದಪ್ಪ ದಪ್ಪ ನಾಲ್ಕು ಗಾಲಿಯ ಪುಟ್ಟ ಗಾಡಿ ಹತ್ತಿ, ಕೆಸರಿನಲ್ಲಿ ಸುತ್ತಿ ಕಿರುಚಾಡುತ್ತಾರಲ್ಲ, ಅದೇ. ಮುಚ್ಚಿಹೋದ ಯಾವುದೋ ರೆಸಾರ್ಟಿನ ಮಾಲು. ಮೈಮೇಲೆ ಹುಲಿಪಟ್ಟೆಯ ಸ್ಟಿಕರ್ ಬೇರೆ. ಗೇರಿನ ಗೊಡವೆಯಿಲ್ಲ, ಹೆಬ್ಬೆರಳಿನಲ್ಲಿ ಒತ್ತಿದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅರವತ್ತು ದಾಟಿದ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆ ಸೊಪ್ಪಿನ ಹೊರೆ ಕಟ್ಟಿಕೊಂಡು ಹಳ್ಳ ದಾಟುವುದನ್ನು ನೋಡಿ ಊರಿನ ಗಂಡಸರು ಮೊದಲ ವಾರ ನಕ್ಕರು, ಎರಡನೆಯ ವಾರ “ನನಗೊಂದ್ ರೌಂಡು ಕೊಡವ್ವ” ಎಂದರು.

ಒಂದು ವರ್ಷ ಹೀಗೆ ನಡೆಯಿತು. ಆಯುಧ ಪೂಜೆಗೆ ನಾನು ಉಡುತಡಿಗೆ ಹೋದೆ. ತಾಲ್ಲೂಕು ಕಚೇರಿಯಿಂದ ಆಗಷ್ಟೇ ನಿವೃತ್ತನಾಗಿದ್ದೆ; ಅಂಥವನಿಗೆ ಎಲ್ಲಿ ಹೋದರೂ ಅಲ್ಲಿನವರು ಮಾಡುತ್ತಿರುವುದು ತಪ್ಪು ಎಂದೇ ಕಾಣುತ್ತದೆ. ಗಾಡಿ ತೊಳೆದದ್ದು ಸಾಲದು ಎಂದೆ. ಹಾರ ಕಟ್ಟಿದ್ದು ಓರೆ ಎಂದೆ. ಹಚ್ಚಿದ ಕುಂಕುಮ ಹಳ್ಳ ದಾಟುವಷ್ಟರಲ್ಲಿ ಉದುರಿಹೋಗುತ್ತದೆ ಎಂದು, ಕಚೇರಿಯ ಕಾಲದಿಂದ ಚೀಲದಲ್ಲೇ ಉಳಿದಿದ್ದ ಗೋಂದಿನ ಬಾಟಲಿ ತೆಗೆದು, ಕುಂಕುಮಕ್ಕೆ ಗೋಂದು ಕಲಸಿ, ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ರೂಪಾಯಿ ಅಗಲದ ಬೊಟ್ಟು ಇಟ್ಟೆ. ಮುಚ್ಚಳದ ನಟ್ಟನಡುವೆ, ಬೊಟ್ಟು ಇಲ್ಲೇ ಇಡಿ ಎನ್ನುವಂತೆ, ಕಂಪನಿಯವರೇ ಒಂದು ಚುಕ್ಕೆ ಮಾಡಿಟ್ಟಿದ್ದರು. “ಬರೋ ವರ್ಷದವರೆಗೂ ಅಲ್ಲಾಡಲ್ಲ ನೋಡು” ಎಂದೆ. ಅಲ್ಲಾಡಲಿಲ್ಲ.

ಮಾರನೆಯ ದಿನ ಗಾಡಿ ಹಳ್ಳದ ಏರಿನಲ್ಲಿ ಗಕ್ಕನೆ ನಿಂತಿತು. ಎಷ್ಟು ಸೆಲ್ಫ್ ಒತ್ತಿದರೂ ಉಸಿರೆತ್ತಲಿಲ್ಲ. ಮಂಜ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೋ ಎಂದು ಇಣುಕಿದ, ಇತ್ತು. ಆಮೇಲೆ ಮೊಬೈಲಿನಲ್ಲಿ ಯಾರದೋ ವೀಡಿಯೊ ಹಾಕಿಕೊಂಡು, ಪ್ಲಗ್ಗು ಬಿಚ್ಚಿ ಉಪ್ಪುಕಾಗದದಿಂದ ತಿಕ್ಕಿದ. ಗಾಡಿ ಚಾಲೂ ಆಯಿತು.

“ನೋಡಿದ್ಯಾ ಮಾಮ? ಪ್ಲಗ್ಗು!”

ಅವನ ಪ್ಲಗ್ಗಿನ ಪ್ರತಾಪ ಮರುದಿನ ಅದೇ ಏರಿನಲ್ಲಿ ಮುಗಿಯಿತು. ವೀಡಿಯೊ ನೋಡಿ ವಿದ್ಯೆ ಕಲಿಯುವ ಕಾಲ ಇದು ಎಂದು ಹಂಗಿಸಿ, ನಾನೇ ಸೊರಬಕ್ಕೆ ಹೋಗಿ ಟಿಲ್ಲರ್ ರಿಪೇರಿಯ ರುದ್ರಪ್ಪನನ್ನು ಕರೆತಂದೆ. ರುದ್ರಪ್ಪ ಮುಚ್ಚಳ ತೆಗೆದು ಇಣುಕಿದ. ಕಾರ್ಬೊರೇಟರ್ ಬಿಚ್ಚಿ, ಬಾಯಲ್ಲಿ ಊದಿ, ಮತ್ತೆ ಜೋಡಿಸಿದ. ಚಾಲೂ ಆಯಿತು. “ಕಸ ಕೂತಿತ್ತು ಮಾರಾಯ್ರೆ, ಕಸ” ಎಂದು ಅಂಗೈ ತೋರಿಸಿದ. ಅಂಗೈಯಲ್ಲಿ ಏನೂ ಇರಲಿಲ್ಲ. ಆದರೂ ನಾನು ತಲೆಯಾಡಿಸಿದೆ, ಕರೆತಂದವನು ನಾನಲ್ಲವೇ! ಮರುದಿನ ಗಾಡಿ ಮತ್ತೆ ಏರಿನಲ್ಲಿ.

ಆ ಸಂಜೆ ಮಂಜ ತಾಯಿಯ ಮುಂದೆ ಕೂತು ಹೇಳಿಯೇಬಿಟ್ಟ. “ಯವ್ವಾ, ಭಾನುವಾರ ಕುರಿ ವ್ಯಾಪಾರಿ ಬರ್ತಾನೆ, ಹೇಳೀನಿ. ಅಷ್ಟರಾಗ ಈ ಆಟದ ಸಾಮಾನು ನಿಲ್ಲದಂಗೆ ದೊಡ್ಡಿಗೆ ಹೋಗಿ ವಾಪಸ್ ಬಂದ್ರೆ ಕುರಿ ಇರ್ಲಿ. ಇಲ್ಲಾಂದ್ರೆ ಕೊಡೋದೇ.”

ಅಕ್ಕ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಳು. ಎಣ್ಣೆ ಮುಗಿದ ಮೇಲೂ ತಿಕ್ಕುತ್ತಿದ್ದಳು.

ಶುಕ್ರವಾರ ಕಲೀಂಸಾಬರು ಬಂದರು. ಮುಚ್ಚಳ ತೆಗೆದು ನೋಡಿ, ಒಂದೇ ಸಲಕ್ಕೆ ಚಾಲೂ ಮಾಡಿ, ಕಿವಿಗೊಟ್ಟು ಕೇಳಿದರು. ಪ್ಲಗ್ಗು ನೋಡಿದರು, ಫಿಲ್ಟರ್ ನೋಡಿದರು. ಕೈ ಒರೆಸಿಕೊಂಡು, “ಇಂಜಿನ್ನು ಚೆನ್ನಾಗೈತೆ ಸಾರ್. ಯಾಕೆ ನಿಲ್ತೈತೋ ನಂಗೆ ಗೊತ್ತಾಗ್ತಿಲ್ಲ” ಎಂದರು.

“ಗೊತ್ತಾಗ್ತಿಲ್ವಾ? ಮೆಕ್ಯಾನಿಕ್ಕು ನೀವು. ಗಾಡಿ ಕೊಡಿಸಿದೋರೂ ನೀವೇ!”

“ಗೊತ್ತಾಗದೆ ಬಿಚ್ಚಬಾರದು ಸಾರ್. ನಾಳೆ ನಾನೂ ಹಿಂದೆ ಬರ್ತೀನಿ. ನಿಂತಾಗ ಯಾರೂ ಮುಟ್ಟಬ್ಯಾಡಿ, ಅಷ್ಟೇ.”

ನಾನು ಅವರನ್ನು ನೋಡಿದ ನೋಟವನ್ನು ನೀವು ನೋಡಬೇಕಿತ್ತು. ಸುಳ್ಳು ಕಸ ತೋರಿಸಿದ ರುದ್ರಪ್ಪನಿಗೆ ಉಪ್ಪಿಟ್ಟು, ಚಹಾ ಕೊಡಿಸಿದ್ದವನು ನಾನು. ನಿಜ ಹೇಳಿದ ಈ ಮನುಷ್ಯನಿಗೆ ನೀರು ಬೇಕೇ ಎಂದೂ ಕೇಳಲಿಲ್ಲ. ನಮ್ಮ ಮರ್ಯಾದೆಯ ಲೆಕ್ಕಾಚಾರವೇ ಹೀಗೆ. ಗಟ್ಟಿಯಾಗಿ ಸುಳ್ಳು ಹೇಳಿದವನು ತಜ್ಞ, ಮೆಲ್ಲಗೆ ನಿಜ ಹೇಳಿದವನು ದಂಡಪಿಂಡ.

ಶನಿವಾರ ಅಕ್ಕ ಮುಂದೆ ಗಾಡಿಯಲ್ಲಿ, ನಾವು ಮೂವರು ಹಿಂದೆ. ಅದೇ ಏರು, ಅದೇ ಗಕ್ಕು. ಕಲೀಂಸಾಬರು ಮುಚ್ಚಳಕ್ಕೆ ಕೈ ಹಾಕಲು ಹೋದರು. ರಾತ್ರಿಯಿಡೀ ಯೋಚಿಸಿ ನಾನೊಂದು ಸ್ವಂತ ಸಿದ್ಧಾಂತ ಕಟ್ಟಿಕೊಂಡಿದ್ದೆ. ಕೂಗಿದೆ. “ಮುಚ್ಚಳ ಮುಟ್ಟಬೇಡಿ! ಬಂದೋರೆಲ್ಲ ತೆಗೆದೂ ತೆಗೆದೂ ಧೂಳು ಬಿದ್ದೇ ಹೀಗಾಗಿರೋದು. ಪೆಟ್ರೋಲ್ ನಾನೇ ತುಂಬಿಸೀನಿ, ಇಣುಕೋದೇನಿದೆ?” ಅವರು ಕೈ ಹಿಂದಕ್ಕೆಳೆದುಕೊಂಡರು. ಮಂಜ ಪ್ಲಗ್ಗು ತಿಕ್ಕಿದ. ಆಗಲಿಲ್ಲ. ನಾನೇ ಕಾರ್ಬೊರೇಟರಿಗೆ ನಾಲ್ಕು ಏಟು ತಟ್ಟಿದೆ. ಆಗಲಿಲ್ಲ. ಸೆಲ್ಫಿನ ಸದ್ದು ಕ್ಷೀಣಿಸುತ್ತ ಬಂತು. ಮಂಜ ವ್ಯಾಪಾರಿಗೆ ಫೋನ್ ಮಾಡಲು ಮೊಬೈಲ್ ತೆಗೆದ. ಆಚೆ ದೊಡ್ಡಿಯಿಂದ ಕುರಿಗಳ ಸದ್ದು ಕೇಳಿಸುತ್ತಿತ್ತು.

ಸೀಟಿನ ಮೇಲೆ ಕೂತಿದ್ದ ಅಕ್ಕ ಆಗ ಮುಚ್ಚಳಕ್ಕೆ ಬೆರಳು ತೋರಿಸಿದಳು. “ಏ ತಮ್ಮಾ, ದಿನಾ ನಿಂತಾಗ ಯಾರಾದ್ರೂ ಈ ಮುಚ್ಚಳ ತೆಗೀತಿದ್ರು. ತೆಗೆದ ಕೂಡ್ಲೆ ಹುಸ್ ಅಂತಿತ್ತು. ಆಮ್ಯಾಲೆ ಏನೇನೋ ಮಾಡ್ತಿದ್ರು, ಶುರು ಆಗ್ತಿತ್ತು. ಇವತ್ತು ನೀನು ತೆಗೆಯಾಕೆ ಬಿಟ್ಟಿಲ್ಲ, ಶುರು ಆಗಿಲ್ಲ. ಅಲ್ಲೋ, ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದ್ರೆ ಎಣ್ಣೆ ಇಳೀತೈತಾ? ಎದುರಿಗೆ ಇನ್ನೊಂದು ಹೊಡೀಬೇಕಲ್ಲ, ಗಾಳಿ ಹೋಗಾಕೆ?”

ಕಲೀಂಸಾಬರು ತಲೆಯ ಮೇಲೆ ಕೈಯಿಟ್ಟುಕೊಂಡರು. ಅಕ್ಕ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಅರಗಿನಂತೆ ಗಟ್ಟಿಯಾಗಿದ್ದ ನನ್ನ ಬೊಟ್ಟಿನ ನಡುವೆ ಚುಚ್ಚಿ ತಿರುವಿದಳು. ಕಂಪನಿಯವರು ಮಾಡಿದ್ದ ಚುಕ್ಕೆ ಚುಕ್ಕೆಯಾಗಿರಲಿಲ್ಲ, ಟ್ಯಾಂಕು ಉಸಿರಾಡುವ ತೂತಾಗಿತ್ತು. ಹುಸ್ ಎಂದಿತು. ಉಳಿದಿದ್ದ ಚೂರುಪಾರು ಬ್ಯಾಟರಿಯಲ್ಲಿ ಇಂಜಿನ್ ಒಮ್ಮೆ ಗೊಣಗಿ ಎದ್ದಿತು.

“ಅಮ್ಮಾ, ನೀವು ಶಿರಾಳಕೊಪ್ಪದಾಗೆ ಅಂಗಡಿ ಹಾಕಿ, ನಾನು ಚಾ ತಂದುಕೊಡ್ತೀನಿ” ಎಂದರು ಕಲೀಂಸಾಬರು. ಆಮೇಲೆ ನನ್ನ ಕಡೆ ತಿರುಗಿ ಬಹಳ ವಿನಯದಿಂದ ಕೇಳಿದರು. “ಈ ಬೊಟ್ಟು ಇಟ್ಟೋರು ಯಾರು ಸಾರ್? ಒಳ್ಳೇ ಗಟ್ಟಿ ಕೆಲಸ.”

ಮಂಜ ಹೊಟ್ಟೆ ಹಿಡಿದುಕೊಂಡು ನಗುತ್ತ ಹಳ್ಳದ ದಂಡೆಯ ಮೇಲೆ ಕೂತುಬಿಟ್ಟ. ಅಕ್ಕ ಯಾರಿಗೂ ಕಾಯದೆ ಹೆಬ್ಬೆರಳು ಒತ್ತಿ ಏರು ಹತ್ತಿದಳು, ದೊಡ್ಡಿ ಸುತ್ತಿ ನಿಲ್ಲದೆ ವಾಪಸ್ ಬಂದಳು, ಬಂದವಳು ಮಗನ ಮುಂದೆ ಇಂಜಿನ್ ಆರಿಸದೆ ಹಾಗೇ ಕೂತಳು. ಮಂಜ ವ್ಯಾಪಾರಿಗೆ ಫೋನ್ ಮಾಡಿದ. “ಬರಬ್ಯಾಡ್ರಿ” ಎಂದ.

ಇಷ್ಟೂ ನೆನಪಾಗುವ ಹೊತ್ತಿಗೆ ಬಂಕಿನಲ್ಲಿ ಪಂಡಿತರು ಏಳು ಜನರಾಗಿದ್ದರು. ಬೈಕಿನವನು ಬೆವೆತುಹೋಗಿದ್ದ. ನನ್ನ ನೆರೆತ ಕೂದಲು ನೋಡಿ, ಅನುಭವಸ್ಥ ಅಂದುಕೊಂಡನೋ ಏನೋ, “ಸಾರ್, ಏನಾಗಿರಬೋದು?” ಎಂದ. ನಾಲಿಗೆಯ ತುದಿಗೆ ಮೂರು ಕಾಯಿಲೆ, ನಾಲ್ಕು ಮದ್ದು ಬಂದವು. ನುಂಗಿಕೊಂಡೆ.

“ನನಗೆ ಗೊತ್ತಿಲ್ಲಪ್ಪ.”

ಅವನು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ದಂಡಪಿಂಡ ಎನ್ನುವಂತೆ ಮುಖ ತಿರುಗಿಸಿದ. ಆ ನೋಟ ನನಗೆ ಹೊಸದೇನಲ್ಲ. ಉಡುತಡಿಯಲ್ಲಿ ಒಂದು ಶುಕ್ರವಾರ ನಾನೇ ಬಳಸಿದ್ದು. ಇಷ್ಟು ಚುಚ್ಚುತ್ತದೆ ಎಂದು ಮಾತ್ರ ತಿಳಿದಿರಲಿಲ್ಲ. ಪೆಟ್ರೋಲ್ ಹಾಕಿಸಿಕೊಂಡು ಸ್ಕೂಟರನ್ನು ಮನೆಯ ಕಡೆಗಲ್ಲ, ಶಿರಾಳಕೊಪ್ಪದ ರಸ್ತೆಗೆ ತಿರುಗಿಸಿದೆ. ಒಬ್ಬರಿಗೆ ಒಂದು ಚಹಾ ಬಾಕಿ ಇತ್ತು.