ಕಿವಿಯಲ್ಲಿ ಹೇಳಬೇಕಾಗಿದ್ದ ಹೆಸರು

ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಕಳೆದ ವಾರ ಸಿಂಗಸಂದ್ರದ ಜೆರಾಕ್ಸ್ ಅಂಗಡಿಯಲ್ಲಿ ನನ್ನ ಹೊಸ ಗುರುತಿನ ಪತ್ರಕ್ಕೆ ಲ್ಯಾಮಿನೇಷನ್ ಮಾಡಿಸುತ್ತ ನಿಂತಿದ್ದೆ. “ಹೆಸರು ಎಲ್ಲ ಸರಿ ಇದ್ಯಾ ನೋಡ್ಕೊಳ್ಳಿ ಸಾರ್,” ಅಂದ ಅಂಗಡಿಯವನು. ಸರಿಯಿತ್ತು. ಹೆಸರು ನಾನೇ ಆರಿಸಿಕೊಂಡದ್ದು. ಲಿಂಗ ಎಂಬಲ್ಲಿ ಗಂಡು. ಹುಟ್ಟಿದಾಗ ಇಟ್ಟಿದ್ದ ಹೆಣ್ಣು ಹೆಸರು ಎಲ್ಲೂ ಇರಲಿಲ್ಲ. ಖುಷಿಪಡಬೇಕಾಗಿದ್ದ ಆ ಗಳಿಗೆಯಲ್ಲಿ ನೆನಪಾದವಳು ಲಗ್ಗೆರೆಯ ಪಕ್ಕದ ಮನೆಯ ಅಕ್ಕ.

ನೆನಪು ಅನ್ನುವುದಕ್ಕಿಂತ ಹೊಟ್ಟೆಕಿಚ್ಚು ಅನ್ನಬೇಕು. ಇಷ್ಟು ವರ್ಷಗಳಾದ ಮೇಲೂ ಮೊದಲು ಬಂದದ್ದು ಅದೇ. ಅವಳ ಮುಖ ಆಮೇಲೆ ಬಂತು.

ನಾನು ಎಂ.ಎ. ಮುಗಿಸಿ ಕೆಲಸ ಹುಡುಕುತ್ತಿದ್ದ ದಿನಗಳವು. ಮೂರನೆಯ ಮಹಡಿಯಲ್ಲಿ ಸಾಲಾಗಿ ಒಂದೊಂದೇ ಕೋಣೆಯ ಮನೆಗಳು. ಅಕ್ಕ ಕೊಪ್ಪಳದ ಕಡೆಯವಳು; ಗಂಡು ಹೆಸರು ಹೊತ್ತು ಬೆಳೆದು, ಹೆಣ್ಣಾಗಿ ಬದುಕುತ್ತಿದ್ದವಳು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಪೊಟ್ಟಣಗಳ ಮೇಲೆ ತಾರೀಕು ಸರಿಯಾಗಿ ಬಿದ್ದಿದೆಯೇ ಎಂದು ನೋಡುವುದು ಅವಳ ಕೆಲಸ. ನನ್ನನ್ನು ಕಂಡ ಮೊದಲ ದಿನವೇ, ಏನೂ ಕೇಳದೆ, “ತಮ್ಮಾ, ನಳ ಬಂದೈತಿ, ಕೊಡ ತಗೊಂಡ್ ಬಾ,” ಅಂದಳು. ಅಲ್ಲಿಯವರೆಗೆ ಯಾರೂ ನನ್ನನ್ನು ತಮ್ಮ ಎಂದು ಕರೆದಿರಲಿಲ್ಲ.

ಹೆಸರು, ಲಿಂಗ ಬದಲಾವಣೆಯ ಅವಳ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಿದ್ದು ನಾನು. ಅಫಿಡವಿಟ್ಟು, ಆಸ್ಪತ್ರೆಯ ಪತ್ರ, ಯಾವುದರ ಹಿಂದೆ ಯಾವುದು ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಅವಳ ಫೋನ್ ನಂಬರು ಆಗಾಗ ಬದಲಾಗುತ್ತಿದ್ದುದರಿಂದ ನನ್ನದನ್ನೇ ಕೊಟ್ಟೆ. ನನ್ನ ಸ್ವಂತ ಅರ್ಜಿ ಮಾತ್ರ ಅರ್ಧಕ್ಕೆ ನಿಂತಿತ್ತು. ಧೈರ್ಯ ಇರಲಿಲ್ಲ ಎಂದು ಈಗ ಬರೆಯುತ್ತಿದ್ದೇನೆ. ಆಗ ಪುರುಸೊತ್ತಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ.

ಅರ್ಜಿ ಹೋಗಿ ತಿಂಗಳಾದ ಮೇಲೆ ಊರಿಂದ ಅವಳ ಸೋದರತ್ತೆ ಬಂದರು. ತೊಟ್ಟಿಲ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಉಸುರುವುದು ಸೋದರತ್ತೆಯ ಹಕ್ಕು. ಉಸುರುವಾಗ ಸುತ್ತಲಿನ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಅಕ್ಕನಿಗೆ ಗಂಡು ಹೆಸರು ಉಸುರಿದ್ದ ಆಕೆಯೇ ಈಗ ಹೊಸ ಹೆಸರನ್ನೂ ತಾನೇ ಹೇಳಬೇಕೆಂದು ಬಂದಿದ್ದರು.

“ಹಂಗಾದ್ರ ಇವತ್ತ ಹೇಳಿಬಿಡ್ರಿ ಅಜ್ಜಿ,” ಅಂದರು ಎದುರು ಮನೆಯವರು.

“ಇಲ್ಲಬೇ. ಹೋದ ಸಲ ಅವಸರ ಮಾಡಿ ತಪ್ಪು ಹೆಸರು ಇಟ್ಟೀನಿ. ಈ ಸಲ ಮೊದ್ಲು ಸರ್ಕಾರ ಹೇಳ್ಲಿ, ಆಮ್ಯಾಲೆ ನಾ ಹೇಳ್ತೀನಿ. ಊರಾಗ ಒಬ್ರೂ ಬಾಯಿ ತೆಗಿಬಾರ್ದು.”

ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು... ನನಗೂ ಒಬ್ಬಳು ಸೋದರತ್ತೆ ಇದ್ದಾಳೆ. ಮಹದೇವಪುರದ ಅಪಾರ್ಟ್‌ಮೆಂಟಿನಲ್ಲಿ, ಲಗ್ಗೆರೆಯಿಂದ ಎರಡು ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರ. ನನ್ನ ವಿಷಯ ತಿಳಿದ ದಿನದಿಂದ ಆಕೆ ನನ್ನ ಫೋನ್ ಎತ್ತಿರಲಿಲ್ಲ. ಈ ಮುದುಕಿಯೋ ಓದು ಬರಹ ಬಾರದವಳು, ಮೊಣಕಾಲು ನೋವಿನಲ್ಲಿ ಇಡೀ ದಿನ ಬಸ್ಸಿನಲ್ಲಿ ಕೂತು ಬಂದಿದ್ದಳು, ಸೋದರ ಸೊಸೆಯ ಕಿವಿಯೊಳಗೆ ಒಂದು ಹೆಸರು ಹೇಳಲು. ಅಲ್ಲ, ಸೊಸೆ ಅನ್ನುವುದು ನಾನು ಈಗ ಬರೆಯುವ ಮಾತು. ಆಕೆ ಕರೆಯುತ್ತಿದ್ದುದು ‘ನಮ್ಮ ಹುಡುಗಿ’ ಎಂದು.

ಗುರುವಾರ ಮಧ್ಯಾಹ್ನ ನನ್ನ ಫೋನಿಗೆ ಮೆಸೇಜು ಬಂತು. ಅಕ್ಕನ ಪ್ರಮಾಣಪತ್ರ ಮಂಜೂರಾಗಿತ್ತು. ತೆರೆದು ನೋಡಿದೆ: ಹೊಸ ಹೆಸರು, ಹೆಣ್ಣು, ಆ ದಿನದ ತಾರೀಕು. ಪಕ್ಕದ ಮನೆಗೆ ಹೋಗಿ ಹೇಳಲು ಹತ್ತು ಹೆಜ್ಜೆ ಸಾಕಿತ್ತು. ಫೋನನ್ನು ದಿಂಬಿನ ಕೆಳಗಿಟ್ಟೆ.

ಸಂಜೆ ಹೇಳೋಣ ಎಂದುಕೊಂಡೆನೇ? ನೆನಪಿಲ್ಲ. ನನ್ನ ಪರವಾಗಿ ಇರುವ ನೆನಪುಗಳನ್ನು ನಾನು ನಂಬುವುದಿಲ್ಲ. ಖಚಿತವಾಗಿ ಉಳಿದಿರುವುದು ಇಷ್ಟು: ಶುಕ್ರವಾರ ಬೆಳಿಗ್ಗೆ ಅತ್ತೆ, “ಸರ್ಕಾರ ಏನಂತಪಾ ತಮ್ಮಾ?” ಎಂದು ಕೇಳಿದರು. ಇನ್ನೂ ಇಲ್ಲ ಅಂದೆ. ಶನಿವಾರವೂ ಅಂದೆ. ಊರಲ್ಲಿ ಮಗನ ಹೆಂಡತಿಗೆ ದಿನ ತುಂಬಿತ್ತು; ಭಾನುವಾರ ಆಕೆ ಹೊರಡಲೇಬೇಕಿತ್ತು. ಬಸ್ಸಿನವರೆಗೆ ಅವರ ಚೀಲ ಹೊತ್ತವನೂ ನಾನೇ.

ಸೋಮವಾರ ಹೇಳಿದೆ. ಅಕ್ಕ ಕೆಲಸದ ಸಮವಸ್ತ್ರದಲ್ಲೇ ಜೆರಾಕ್ಸ್ ಅಂಗಡಿಗೆ ಓಡಿದಳು, ಹಿಂದೆಯೇ ನಾನೂ. ಲ್ಯಾಮಿನೇಷನ್ ಆಗಿ ಬಂದ ಪತ್ರವನ್ನು ಬಿಸಿಯಿರುವಾಗಲೇ ಕೈಗೆ ತೆಗೆದುಕೊಂಡಳು. ಅವಳ ಕಣ್ಣು ಹೆಸರಿನ ಮೇಲಲ್ಲ, ತಾರೀಕಿನ ಮೇಲೆ ಹೋಯಿತು. ದಿನಕ್ಕೆ ಸಾವಿರ ಪೊಟ್ಟಣ ನೋಡುವ ಕಣ್ಣು.

“ಗುರುವಾರದ್ದೈತಿ,” ಅಂದಳು.

ನಾನು ಅಂಗಡಿಯವನಿಗೆ ಕೊಡಬೇಕಾದ ಚಿಲ್ಲರೆ ಎಣಿಸತೊಡಗಿದೆ. ಅವಳು ಪತ್ರವನ್ನು ಚೀಲಕ್ಕೆ ಹಾಕಿಕೊಂಡಳು. ಮನೆಗೆ ಬಂದು ಊರಿಗೆ ಫೋನ್ ಹಚ್ಚಿ ಕಿವಿಗೆ ಒತ್ತಿ ಹಿಡಿದಳು. ಒಳಗಿನಿಂದ ಅತ್ತೆಯ ‘ಕುರ್ರ್’ ನನಗೂ ಕೇಳಿಸಿತು, ಆಮೇಲೆ ಹೆಸರು. ಅಕ್ಕ ಕಣ್ಣು ಮುಚ್ಚಿದ್ದಳು.

“ಗುದ್ದು ತಮ್ಮಾ,” ಅಂದಳು. “ಅತ್ತಿ ಬೆನ್ನು ಇಲ್ಲಿಲ್ಲ, ನನ್ನ ಬೆನ್ನಿಗೇ ಗುದ್ದು.”

ಗುದ್ದಿದೆ. ಬೇಕಾದ್ದಕ್ಕಿಂತ ಜೋರಾಗಿಯೇ ಗುದ್ದಿದೆ. ಅವಳು ಮುಂದಕ್ಕೆ ವಾಲಿ, ತಿರುಗಿ, ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು... ನಕ್ಕಳು ಎಂದೇ ನೆನಪು.

“ನಿಂದೂ ಬರ್ಲಿ. ನಿನ್ನ ಕಿವ್ಯಾಗ ನಾನೇ ಹೇಳ್ತೀನಿ. ಈಗ ನಾನೂ ಸೋದರತ್ತಿ ಆಗಬೌದು, ಕಾಗದ ಐತಲ್ಲ.”

ತಾರೀಕು ನೋಡಿಯೂ ಹೀಗೆ ಹೇಳಬಲ್ಲವಳ ಮೇಲೆ ನನಗೆ ಇನ್ನಷ್ಟು ಉರಿಯಿತು. ಅದೂ ಅವಳದ್ದೇ ಪಾಲೇ? ಅತ್ತೆ, ಹೆಸರು, ಈಗ ಈ ದೊಡ್ಡ ಮನಸ್ಸೂ? “ನಂಗೆ ಅಂಥದ್ರಲ್ಲೆಲ್ಲ ನಂಬಿಕೆ ಇಲ್ಲ ಅಕ್ಕ,” ಅಂದುಬಿಟ್ಟೆ, ಎಂ.ಎ. ಓದಿದವನ ಗತ್ತಿನಲ್ಲಿ. “ಆತು ಬಿಡು,” ಅಂದು ಅವಳು ಚಹಾಕ್ಕೆ ಇಟ್ಟಳು.

ಎರಡು ತಿಂಗಳಲ್ಲಿ ನನಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು. ಕೋಣೆ ಬದಲಾಯಿಸಿದೆ. ಆ ಗುರುವಾರದ ಬಗ್ಗೆ ಅವಳಿಗೆ ಹೇಳಲೇ ಇಲ್ಲ. ಅವಳ ನಂಬರು ಎಂದಿನಂತೆ ಬದಲಾಯಿತು. ಒಮ್ಮೆ ಲಗ್ಗೆರೆಗೆ ಹೋದಾಗ ಆ ಮನೆಯಲ್ಲಿ ಬೇರೆಯವರಿದ್ದರು. ಎಲ್ಲಿಗೆ ಹೋದಳೆಂದು ಅವರಿಗೆ ಗೊತ್ತಿರಲಿಲ್ಲ.

ಕಳೆದ ವಾರ ಅಂಗಡಿಯಿಂದ ಬಂದು ಬಾಗಿಲು ಹಾಕಿಕೊಂಡೆ. ಪತ್ರ ಇನ್ನೂ ಬೆಚ್ಚಗಿತ್ತು. ಹೆಸರನ್ನು ಮೆಲ್ಲಗೆ ಹೇಳಿ ನೋಡಿದೆ, ಕೈಯನ್ನು ಬಾಯಿಯಿಂದ ಕಿವಿಗೆ ಅಡ್ಡ ಹಿಡಿದು. ‘ಕುರ್ರ್’ ಅನ್ನಲು ನಾಚಿಕೆಯಾಯಿತು. ಉಸಿರು ಅಂಗೈಯವರೆಗೆ ಮುಟ್ಟಿತು. ಕಿವಿಗೆ ಮುಟ್ಟಲಿಲ್ಲ.