ಮುಂಜಾನೆ ಸದ್ದು ಮಾಡದ ಬಳೆ

ಬಳೆಗಾರ್ತಿಯ ಮಗಳು ನಾನು. ಹೆಣ್ಣುಮಕ್ಕಳ ಮುಖ ಮರೆತರೂ ಕೈ ಮರೆಯುವುದಿಲ್ಲ. ಲಕ್ಷ್ಮೇಶ್ವರದ ನಮ್ಮ ಮನೆಯಿಂದ ಅಮ್ಮ ಬುಟ್ಟಿ ಹೊತ್ತು ಅಡರಕಟ್ಟಿ, ಬೆಳ್ಳಟ್ಟಿ ಕಡೆ ಹೊರಟರೆ ನಾನೂ ಬೆನ್ನಿಗೇ ಹೊರಡುತ್ತಿದ್ದೆ. ಮನೆಯಲ್ಲಿ ಆಡುವುದು ಉರ್ದುವಾದರೂ ಬಳೆಯ ವಿಷಯ ಬಂತೆಂದರೆ ಅಮ್ಮನ ಬಾಯಲ್ಲಿ ಕನ್ನಡವೇ. ಆಕೆ ಯಾರ ಅಳತೆಯನ್ನೂ ಕೇಳಿದವಳಲ್ಲ. ಕಣ್ಣು ಮುಚ್ಚಿ, ಕೈ ಹಿಡಿದು ಗಿಣ್ಣು ಒತ್ತಿದರೆ ಅಳತೆ ಗೊತ್ತಾಗಿಬಿಡುತ್ತಿತ್ತು. "ಕೇಳಿ ಇಡಸಾಕ ನಾ ಯಾಕ ಬೇಕು?" ಎಂದು ಸಿಡುಕುತ್ತಿದ್ದಳು. ಆ ಸಿಡುಕು ನನಗೂ ಬಂದಿದೆ, ಇರಲಿ.

ಗದಗ ಹೊಸ ಜಿಲ್ಲೆಯಾಗಿ ಎಂಟೊಂಬತ್ತು ವರ್ಷವಾಗಿತ್ತು. ಮಳೆಗಾಲದ ಒಂದು ಬೆಳಿಗ್ಗೆ ಅಡರಕಟ್ಟಿಯ ಓಣಿಗೆ ಕಾಲಿಟ್ಟವಳೇ ಅಮ್ಮ ಗಕ್ಕನೆ ನಿಂತಳು. ಒಬ್ಬಾಕೆ ಕಸ ಗುಡಿಸುತ್ತಿದ್ದಳು, ಇನ್ನೊಬ್ಬಾಕೆ ಕೊಡ ತೊಳೆಯುತ್ತಿದ್ದಳು, ಇಬ್ಬರೂ ನಿದ್ದೆಗಣ್ಣಿನಲ್ಲಿದ್ದಂತೆ ನಿಧಾನ.

"ಬಳಿ ಸಪ್ಪಳಾನ ಇಲ್ಲಲ್ಲ," ಎಂದಳು ಅಮ್ಮ.

ಖರೆ. ಇಡೀ ಓಣಿಯಲ್ಲಿ ಒಂದು ಕೈಯೂ ಸದ್ದು ಮಾಡುತ್ತಿರಲಿಲ್ಲ.

ಮೊದಲ ಮನೆಯಾಕೆಗೆ ಮದುವೆಯ ಬಳೆ ತೊಡಿಸಿದ್ದು ಅಮ್ಮನೇ. ಈಗ ಆಕೆಯ ಮಣಿಕಟ್ಟು ಬಾತು, ಹಸಿರು ಬಳೆಗಳು ಚರ್ಮದೊಳಗೆ ಹೂತುಹೋಗಿದ್ದವು. ಜ್ವರ ಬಂದು ನಾಲ್ಕು ದಿನವಾಗಿತ್ತಂತೆ. "ಒಡದಬಿಡ್ರಿ ಅಕ್ಕಾರ, ತಾಳಲಾರೆ," ಎಂದಳು.

ಗಂಡ ಪಡಸಾಲೆಯಲ್ಲೇ ಕೂತಿದ್ದ. ಗಂಡ ಬದುಕಿರುವಾಗ ಹೆಂಡತಿಯ ಬಳೆ ಒಡೆಯುವುದೇ! ಅಮ್ಮ ಅವನ ಮುಖ ನೋಡಿದಳು. ಆಮೇಲೆ ಕೈಯ ಮೇಲೆ ಒದ್ದೆ ಬಟ್ಟೆ ಸುತ್ತಿ ಒಂದೊಂದೇ ಚಿಟ್ ಎನ್ನಿಸಿದಳು. ಅವನು ನೋಡಲಾರದೆ ಎದ್ದು ಹೊರಗೆ ಹೋದ. ಅವನೂ ಗೋಡೆ ಹಿಡಿದೇ ನಡೆದ.

ಆ ದಿನ ಮನೆಮನೆಯಲ್ಲೂ ಇದೇ ಕೆಲಸ. ಚೂರುಗಳನ್ನು ಯಾರೂ ಹೊಸ್ತಿಲೊಳಗೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ನಾವೇ ಬುಟ್ಟಿಯಲ್ಲಿ ತುಂಬಿಕೊಂಡು ಹೊರಟೆವು. ಹೆಜ್ಜೆ ಹಾಕಿದಾಗಲೆಲ್ಲ ಅವು ಗಿಲ್ ಗಿಲ್ ಎನ್ನುತ್ತಿದ್ದವು. ಊರಿನ ಸದ್ದನ್ನೆಲ್ಲ ನಾವೇ ಕದ್ದು ಒಯ್ಯುತ್ತಿದ್ದೇವೆ ಅನ್ನಿಸಿತು ನನಗೆ.

ಸೊಳ್ಳೆಯಿಂದ ಬಂದ ಚಿಕುನ್‌ಗುನ್ಯಾ, ಜ್ವರ ವಾರದಲ್ಲಿ ಇಳಿಯುತ್ತದೆ ಎಂದರು ಡಾಕ್ಟರು. ಇಳಿಯಿತು. ಬಾವೂ ಇಳಿದ ಒಂದು ಮಧ್ಯಾಹ್ನ ಅಮ್ಮ ಎಲ್ಲರಿಗೂ ಹಳೆಯ ಅಳತೆಯ ಬಳೆಯನ್ನೇ ತೊಡಿಸಿ ಬಂದಳು. ಅಲ್ಲೇ ತಪ್ಪಿದ್ದು. ಜ್ವರ ಹೋದರೂ ಈ ಬಾವು ಹಗಲಿಗೆ ಇಳಿದು ಮುಂಜಾನೆಗೆ ಮರಳುವಂಥದ್ದು. ಮರುದಿನ ಮುಂಜಾನೆ ಕೈಗಳು ಮತ್ತೆ ಬಾತವು, ಮತ್ತೆ ಕರೆ ಬಂತು, ಮತ್ತೆ ಒದ್ದೆ ಬಟ್ಟೆ. "ಕೈ ಸುಳ್ಳ ಹೇಳಾಕತ್ತಾವ," ಎಂದು ಅಮ್ಮ ಅತ್ತಳು. ಆಕೆ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಅದೇ ತಿಂಗಳು ಆ ಜ್ವರ ನಮ್ಮಿಬ್ಬರನ್ನೂ ಕೆಡವಿತು. ವರ್ಷ ಕಳೆದರೂ ಅಮ್ಮನ ಹೆಬ್ಬೆರಳಿಗೆ ಒತ್ತುವ ಶಕ್ತಿ ಬರಲಿಲ್ಲ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದಳು. ಬುಟ್ಟಿ ನನ್ನ ತಲೆಗೆ ಬಂತು. ನನಗೂ ಮುಂಜಾನೆ ಬೆರಳು ಮಡಚುತ್ತಿರಲಿಲ್ಲ. ಅದನ್ನು ಆಕೆಗೆ ಹೇಳಲಿಲ್ಲ. ಹೇಳಿದ್ದರೆ ಆ ಕೈಯಲ್ಲೇ ಮತ್ತೆ ಬುಟ್ಟಿ ಎತ್ತುತ್ತಿದ್ದಳು, ಅಷ್ಟು ಹಟಮಾರಿ. ಬೆಳಗಾಗುತ್ತಲೇ ಬಿಸಿನೀರಲ್ಲಿ ಕೈ ಅದ್ದಿ, ಪಾತ್ರೆ ತೊಳೆಯುತ್ತಿದ್ದೇನೆ ಎಂದು ಸುಳ್ಳು ಹೇಳುತ್ತ ಮೂರು ವರ್ಷ ದೂಡಿದೆ.

ನನ್ನ ಮದುವೆ ಗೊತ್ತಾಯಿತು. ಬಳೆ ತಾನೇ ತೊಡಿಸುತ್ತೇನೆಂದು ಅಮ್ಮ ಪಟ್ಟು ಹಿಡಿದಳು. ಸಂಜೆಗೆ ನನ್ನ ಕೈ ಹಗುರಾಗುತ್ತದೆ, ಆಕೆಗೆ ಏನೂ ತಿಳಿಯುವುದಿಲ್ಲ ಎಂದುಕೊಂಡು "ಸಂಜಿಕೆ ಇಡಸಮ್ಮಾ" ಎಂದೆ. ಆಕೆ ಬೇಕೆಂತಲೇ ಮುಂಜಾನೆ ಬಂದು ಕೂತಳು.

ಕೈ ಹಿಡಿದಳು. ಕಣ್ಣು ಮುಚ್ಚಿದಳು. ಒಂದು ಕೈಯಲ್ಲಿ ಲೋಟ ಹಿಡಿಯಲಾರದ ಆ ಬೆರಳುಗಳು ನನ್ನ ಗಿಣ್ಣುಗಳ ಮೇಲೆ ಒಂದೊಂದಾಗಿ ನಡೆದವು.

"ನಿನಗೂ ಐತಿ," ಎಂದಳು, ಕಣ್ಣು ತೆರೆಯದೆ. "ಎಂದಿನಿಂದ?"

"ನಿನ್ನ ಜೋಡಿನ ಬಂತು."

"ಹೇಳಾಕ ಬಾಯಿಗೆ ಏನ್ ಬ್ಯಾನಿ ಬಂದಿತ್ತ?"

ಮುಂದೆ ಬೈಯಲಿಲ್ಲ. ಬುಟ್ಟಿಯಿಂದ ನನ್ನ ಅಳತೆಗಿಂತ ಎರಡು ಅಳತೆ ದೊಡ್ಡ ಬಳೆಗಳನ್ನು ತೆಗೆದು, ಹೆಬ್ಬೆರಳು ಒತ್ತಲಾರದ್ದಕ್ಕೆ ತನ್ನ ಅಂಗೈಯ ಬುಡದಿಂದ ತಳ್ಳಿ ತಳ್ಳಿ ತೊಡಿಸಿದಳು. ಅವಳ ಹಣೆಯಲ್ಲಿ ಬೆವರು.

"ಮುಂಜಾನಿ ಅಳತಿಗೆ ಇಡಸೇನಿ," ಎಂದಳು. "ನಿನ್ನ ಗಂಡ ಇರೂತನಕ ಯಾರೂ ಇವನ್ನ ಒಡೀಬಾರದು."

ಅಮ್ಮ ಈಗಿಲ್ಲ. ನಾನು ಇಂದಿಗೂ ಆ ಅಳತೆಯನ್ನೇ ತೊಡುತ್ತೇನೆ. ಸಂಜೆ ಕೈ ಎತ್ತಿದರೆ ಅವು ಮೊಣಕೈ ಕಡೆಗೆ ಜಾರಿ ಮನೆಯೆಲ್ಲ ಗಿಲ್ ಎನ್ನುತ್ತದೆ. ಮುಂಜಾನೆ ಒಲೆ ಹಚ್ಚುವಾಗ ಮಾತ್ರ ಬಾತ ಕೈ ಆಡಿಸಿದರೂ ಸದ್ದಿಲ್ಲ. ಆಗ ಅಡರಕಟ್ಟಿಯ ಆ ಓಣಿ ನನ್ನ ಅಡುಗೆಮನೆಗೇ ಬಂದು ನಿಂತಂತಾಗುತ್ತದೆ. ಹಿಟ್ಟಿಗೆ ನೀರು ಹಾಕುವುದನ್ನು ಬಿಟ್ಟು, ಮೊದಲ ಬಳೆ ಸದ್ದು ಮಾಡುವವರೆಗೆ ಕಾಯುತ್ತೇನೆ.