ಕಂಪನ ಪರೀಕ್ಷೆಯಲ್ಲಿ ಪಾಸಾದ ಗಿಟಾರು

ಕುಷಾಯಿಗೂಡದ ನಮ್ಮ ಓಣಿಯಲ್ಲಿ ಯಾರ ಮನೆಯ ಫ್ಯಾನು ಕಿರುಗುಟ್ಟಿದರೂ ನನಗೇ ಹೇಳಿ ಕಳುಹಿಸುತ್ತಾರೆ. ಮೂವತ್ತೊಂದು ವರ್ಷ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದು ನಿವೃತ್ತನಾದವನು ನಾನು. ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಂಡವನಿಗೆ ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ. ನನ್ನ ಹೆಂಡತಿ ಅದನ್ನು ಸಹಿಸಿಕೊಂಡು ಬಂದಿದ್ದಾಳೆ. ಅವಳ ಗಿಟಾರಿಗೆ ಮಾತ್ರ ಆಗಲಿಲ್ಲ.

ಆ ಗಿಟಾರನ್ನು ಅವಳು ಮದುವೆಯಾದ ಹೊಸತರಲ್ಲಿ ಅಬಿಡ್ಸ್‌ನ ಹಳೆಯ ವಾದ್ಯದಂಗಡಿಯೊಂದರಲ್ಲಿ ಆರಿಸಿದ್ದು. ಗದಗಿನಲ್ಲಿ ಶಾಲೆಗೆ ಹೋಗುವಾಗಲೇ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುವುದನ್ನು ಕಲಿತವಳು. ಇದು ಅದರಲ್ಲೂ ಬೇರೆ ಬಗೆ, ರೆಸೊನೇಟರ್ ಗಿಟಾರು. ಹೊಟ್ಟೆಯೊಳಗೆ ತೆಳ್ಳನೆಯ ಅಲ್ಯೂಮಿನಿಯಂ ಬಟ್ಟಲು, ಅದರ ಮೇಲೆ ತೂತುಗಳ ತಗಡು. ತಂತಿ ನಡುಗಿದರೆ ಬಟ್ಟಲು ನಡುಗುತ್ತದೆ, ಬಟ್ಟಲು ನಡುಗಿದರೆ ದನಿ ಬರುತ್ತದೆ. ಕರೆಂಟಿನ ಗಿಟಾರು ಬರುವ ಮೊದಲು, ದೊಡ್ಡ ಮೇಳದ ನಡುವೆಯೂ ಕೇಳಿಸಲಿ ಎಂದೇ ಮಾಡಿದ ವಾದ್ಯವಂತೆ. ಮೊದಲ ಸಲ ನೋಡಿದ ನನ್ನ ಅವ್ವ, "ಇದ್ರಾಗ ಏನ್ ಕುದಸ್ತಾಳಪಾ?" ಎಂದು ಕೇಳಿದ್ದಳು.

ಈ ತೆಲುಗು ಊರಿನ ನಮ್ಮ ಕನ್ನಡ ಸಂಘದ ನವೆಂಬರ್ ಕಾರ್ಯಕ್ರಮದಲ್ಲಿ ಅವಳು ಇಪ್ಪತ್ತೆರಡು ವರ್ಷ ಇದನ್ನು ನುಡಿಸಿದಳು. ಮೂರನೆಯ ಸಾಲಿನ ಆಚೆಗೆ ಯಾರಿಗೂ ಕೇಳಿಸಲಿಲ್ಲ. ಎಲ್ಲರೂ ಸೇರಿ ಹಾಡುವಾಗ ಡೋಲಕ್ಕು, ಕೀಬೋರ್ಡುಗಳ ಅಡಿಯಲ್ಲಿ ಗಿಟಾರು ಹೂತುಹೋಗುತ್ತಿತ್ತು. ಅದರ ಮೈಕಿನ ಧ್ವನಿ ಏರಿಸಿದರೆ ಕುಂಯ್ ಎಂದು ಶಿಳ್ಳೆ. ಸಭೆಯೆಲ್ಲ ಕಿವಿ ಮುಚ್ಚಿಕೊಂಡು ಹಿಂದೆ ತಿರುಗಿ, ಧ್ವನಿವರ್ಧಕದವನ ಪಕ್ಕ ನಿಂತಿರುತ್ತಿದ್ದ ನನ್ನನ್ನು ನೋಡುತ್ತಿತ್ತು. ಅರ್ಧ ಸಂಘವೇ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯವರಿರುವಾಗ ಶಿಳ್ಳೆ ಬಂದರೆ ಅದು ಮರ್ಯಾದೆಯ ಪ್ರಶ್ನೆ. ನಾನು ಮೈಕಿನ ಧ್ವನಿ ಇಳಿಸಲು ಹೇಳುತ್ತಿದ್ದೆ. ಶಿಳ್ಳೆ ನಿಲ್ಲುತ್ತಿತ್ತು, ಜೊತೆಗೆ ಗಿಟಾರೂ.

ಮೊದಲ ವರ್ಷವೇ ಅವಳು ಹೇಳಿದ್ದಳು: "ಆ ಸ್ಪೀಕರ್ ನನ್ನ ಮಾರಿ ಮುಂದ ಯಾಕ ಇಟ್ಟೀರಿ? ತಗಸ್ರಿ ಅದನ್ನ. ನನ್ನ ಗಿಟಾರ್ ನನ್ನ ತೊಡಿ ಮ್ಯಾಲೇ ಐತಿ, ನನಗ ಕೇಳಸ್ತೈತಿ." ವೇದಿಕೆಯ ಮೇಲಿನವರಿಗೆ ತಮ್ಮ ಧ್ವನಿ ತಮಗೆ ಕೇಳಲೆಂದು ಅವರ ಕಡೆಗೇ ಮುಖ ಮಾಡಿ ಇಡುವ ಮಾನಿಟರ್ ಅದು. ಎಲ್ಲ ಕಡೆ ಇಡುತ್ತಾರೆ, ನಮ್ಮಲ್ಲೂ ಇಟ್ಟಿದ್ದರು. "ಇದು ಟೆಕ್ನಿಕಲ್ ವಿಷಯ, ನಿನಗ ತಿಳಿಯಂಗಿಲ್ಲ ಬಿಡು," ಎಂದಿದ್ದೆ.

ಹೋದ ವರ್ಷ ಸಂಘದವರು ಅವಳೊಬ್ಬಳಿಗೇ ಹದಿನೈದು ನಿಮಿಷ ಕೊಟ್ಟರು. ಅವಳಿಗೆ ಅರವತ್ತಾಗಿತ್ತು, ಎಡಗೈ ಬೆರಳುಗಳು ಬೆಳಗಿನ ಹೊತ್ತು ಸರಿಯಾಗಿ ಮಡಚಿಕೊಳ್ಳುತ್ತಿರಲಿಲ್ಲ. "ಒಂದ್ ಸಲ ಹಿಂದಿನ ಸಾಲಿನ ಮಟ ಕೇಳಸ್ಲಿ. ಆಮ್ಯಾಲೆ ಕೈ ನಡೀಲಿಲ್ಲಂದ್ರೂ ಚಿಂತಿಲ್ಲ," ಎಂದಳು. ಅವಳು ಹೀಗೆ ಏನನ್ನೂ ಬಯಸಿ ಕೇಳಿದವಳಲ್ಲ. ಇಂಥ ಹೊತ್ತಿನಲ್ಲಿ ನಾನು ಸ್ಕ್ರೂಡ್ರೈವರ್ ಹುಡುಕುತ್ತೇನೆ.

ಕಾರ್ಖಾನೆಯ ಕಂಪನ ಪರೀಕ್ಷೆ ವಿಭಾಗದಲ್ಲಿದ್ದ ಗೆಳೆಯನೊಬ್ಬನನ್ನು ಕರೆದೆ. ಸಿದ್ಧವಾದ ಪ್ರತಿಯೊಂದು ಪೆಟ್ಟಿಗೆಯನ್ನೂ ನಡುಗುವ ಮೇಜಿಗೆ ಬಿಗಿದು, ಗಂಟೆಗಟ್ಟಲೆ ಅಲುಗಾಡಿಸಿ, ಒಳಗೆ ಏನಾದರೂ ಸಡಿಲವಾಯಿತೇ ಎಂದು ನೋಡುವುದು ಅವನ ಜೀವಮಾನದ ಕೆಲಸ. ಸಡಿಲವಾದರೆ ಮಾಲು ವಾಪಸು. ಅದಕ್ಕೆ ಮದ್ದೂ ನಮ್ಮಲ್ಲಿತ್ತು: ಬಿಡಿಭಾಗಗಳ ಮೇಲೆ ಎಪಾಕ್ಸಿ ಅಂಟು ಸುರಿದು ಕಲ್ಲಿನಂತೆ ಗಟ್ಟಿ ಮಾಡಿಬಿಡುವುದು. ನಡುಗುವುದೆಲ್ಲ ದೋಷ ಎಂಬುದು ನಮ್ಮಿಬ್ಬರ ಮೈಗೆ ಹತ್ತಿದ ವಿದ್ಯೆ.

ಹೆಂಡತಿ ಒಂದು ಮದುವೆಗೆಂದು ಗದಗಿಗೆ ಹೋದಾಗ ನಮಗೆ ಎರಡು ದಿನ ಸಿಕ್ಕಿತು. ತಂತಿ ಸಡಿಲಿಸಿ, ತಗಡು ಬಿಚ್ಚಿ, ನಾಣ್ಯದಷ್ಟಗಲದ ಪಿಕಪ್ಪನ್ನು ಬಟ್ಟಲಿಗೆ ಅಂಟಿಸಿದೆವು. ಅದು ಗಾಳಿಯ ಸದ್ದಿಗೆ ಕಾಯದೆ ಬಟ್ಟಲಿನ ನಡುಕವನ್ನೇ ಹಿಡಿದು ಆಂಪ್ಲಿಫೈಯರಿಗೆ ಕಳುಹಿಸುತ್ತದೆ. ಅಲ್ಲಿಗೆ ಕೈ ತೊಳೆದುಕೊಂಡಿದ್ದರೆ ಸಾಕಿತ್ತು. ಗೆಳೆಯ ಬಟ್ಟಲನ್ನು ಬೆರಳಿನಿಂದ ಒತ್ತಿ ನೋಡಿ ಮುಖ ಸಿಂಡರಿಸಿದ.

"ಏನಪಾ ಇದು, ಪೂರಾ ಅಲುಗಾಡಾಕತ್ತೈತಿ. ಹಿಂಗಿದ್ರ ನಾ ಸಹಿ ಹಾಕಂಗಿಲ್ಲ."

ನನಗೂ ಅದು ನ್ಯಾಯವೆನಿಸಿತು. ಪಿಕಪ್ಪಿನ ಮೇಲೆ ಸುರಿದೆವು, ವೈರಿನ ಮೇಲೆ ಸುರಿದೆವು, ಬಟ್ಟಲಿನ ಅಂಚಿಗೆ ಸುತ್ತಲೂ ಸುರಿದೆವು, ಉಳಿದದ್ದನ್ನು ಯಾಕೆ ಹಾಳು ಮಾಡುವುದೆಂದು ನಡುವಿಗೂ ಸುರಿದೆವು. ಮರುದಿನ ಅದು ಗಟ್ಟಿಯಾದ ಮೇಲೆ ಆಂಪ್ಲಿಫೈಯರಿಗೆ ಜೋಡಿಸಿ ಧ್ವನಿಯನ್ನು ಪೂರ್ತಿ ಏರಿಸಿದೆವು. ಶಿಳ್ಳೆ ಇಲ್ಲ. ಗಿಟಾರನ್ನು ಸ್ಪೀಕರಿನ ಬಾಯಿಗೇ ಹಿಡಿದೆವು. ಆಗಲೂ ಇಲ್ಲ. ಇಬ್ಬರೂ ಕೈ ಕುಲುಕಿ ಚಹಾ ಕುಡಿದೆವು. ತಂತಿ ಬಿಗಿದು ಶ್ರುತಿ ಮಾಡುವುದು ಅವಳ ಕೆಲಸವೆಂದು ಹಾಗೇ ಬಿಟ್ಟಿದ್ದೆವು. ಮೀಟಿ ನೋಡುವುದು ನಮ್ಮ ಪರೀಕ್ಷೆಯ ಪಟ್ಟಿಯಲ್ಲಿರಲಿಲ್ಲ.

ಅವಳು ಊರಿನಿಂದ ಬಂದು, ಶ್ರುತಿ ಮಾಡಿ, ಮೀಟಿದಳು. ಮಣೆಯನ್ನು ಬೆರಳಿನಿಂದ ಕುಟ್ಟಿದಂಥ ಸದ್ದು. ನಾನು ಆಂಪ್ಲಿಫೈಯರ್ ಹಾಕಿದೆ. ಮಣೆ ದೊಡ್ಡದಾಯಿತು.

"ಶಿಳ್ಳಿ ಅಂತೂ ಬರಂಗಿಲ್ಲ," ಎಂದೆ.

"ಹೆಂಗ ಬರ್ತೈತ್ರಿ? ಅದರ ಉಸಿರೇ ನಿಲ್ಸೀರಲ್ಲ," ಎಂದಳು. ಬೈಯಲಿಲ್ಲ. ಗಿಟಾರನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಕಾರ್ಯಕ್ರಮಕ್ಕೆ ಹತ್ತು ದಿನ ಉಳಿದಿತ್ತು.

ಅಂಟನ್ನು ಕೀಳಲು ಹೋದರೆ ಬಟ್ಟಲು ಹಪ್ಪಳದಂತೆ ಮುರಿದು ಬಂತು. ಅಂಥ ಬಟ್ಟಲು ಅಷ್ಟು ಬೇಗ ಎಲ್ಲಿಂದಲೂ ಬರುವಂತಿರಲಿಲ್ಲ. ಕಡೆಗೆ ಚೂರುಗಳನ್ನು ಚೀಲದಲ್ಲಿ ಹಾಕಿಕೊಂಡು ನಾನೂ ಅವಳೂ ಹತ್ತಿರದ ಕೈಗಾರಿಕಾ ಪ್ರದೇಶ ನಾಚಾರಂಗೆ ಹೋದೆವು. ಅಲ್ಲಿ ಅಲ್ಯೂಮಿನಿಯಂ ತಗಡನ್ನು ತಿರುಗುವ ಯಂತ್ರಕ್ಕೆ ಕೊಟ್ಟು, ಒತ್ತಿ ಒತ್ತಿ ಪಾತ್ರೆಯ ಆಕಾರಕ್ಕೆ ತರುವ ಒಂದು ಸಣ್ಣ ಶೆಡ್ಡಿತ್ತು. ಯಂತ್ರದ ಮುಂದೆ ನಿಂತಿದ್ದವರು ಲಿಂಗಸುಗೂರಿನ ಕಡೆಯವರು. ನಾನು ತೆಲುಗಿನಲ್ಲಿ ಶುರು ಮಾಡಿದರೆ ಅವರು ಕನ್ನಡದಲ್ಲಿ ಉತ್ತರ ಕೊಟ್ಟರು.

"ಇಷ್ಟ್ ತೆಳ್ಳಗ ಯಾಕ್ರಿ ಅಕ್ಕಾರ? ಅಲುಗಾಡತೈತಲ್ರಿ," ಎಂದು ಅವಳನ್ನು ಕೇಳಿದರು.

"ಅಲುಗಾಡಬೇಕ್ರಿ ಅದು. ಅದ ಅದರ ಕೆಲಸ."

"ಹಂಗಾರ ಸರಿ ಬಿಡ್ರಿ," ಎಂದು ತಗಡು ಕತ್ತರಿಸಲು ಹೊರಟರು. ಇಬ್ಬರು ನಿವೃತ್ತ ಅಧಿಕಾರಿಗಳ ತಲೆಗೆ ಹೋಗದ್ದು ಅವರಿಗೆ ಒಂದೇ ಮಾತಿನಲ್ಲಿ ಹೋಯಿತು. ಮೂರು ಬಟ್ಟಲು ಕೆಟ್ಟವು. ನಾಲ್ಕನೆಯದನ್ನು ಅವಳು ಉಗುರಿನಿಂದ ತಟ್ಟಿ, ಕಿವಿಗೆ ಹಿಡಿದು, ತಲೆಯಾಡಿಸಿದಳು. ತಗಡಿನ ದಪ್ಪ ಅಳೆಯಲು ನಾನು ಕ್ಯಾಲಿಪರ್ ತಂದಿದ್ದೆ. ಅದನ್ನು ಜೇಬಿನಿಂದ ತೆಗೆಯುವ ಧೈರ್ಯವಾಗಲಿಲ್ಲ.

ಕಾರ್ಯಕ್ರಮದ ಸಂಜೆ ಅವಳು ನನ್ನನ್ನು ಕೇಳಲಿಲ್ಲ. ನೇರವಾಗಿ ಧ್ವನಿವರ್ಧಕದವರ ಬಳಿ ಹೋಗಿ, "ಭಾಯಿಸಾಬ್, ಯೆ ಮಾನಿಟರ್ ಹಟಾದೋ," ಎಂದಳು. ಅವರು "ಅಚ್ಛಾ ಮೇಡಂ," ಎಂದು ಅದನ್ನು ಬದಿಗೆ ಸರಿಸಿದರು. ಅದರ ಸದ್ದು ಮತ್ತೆ ಮೈಕಿಗೇ ನುಗ್ಗಿ ಶಿಳ್ಳೆಯಾಗುವ ದಾರಿ ಮುಚ್ಚಿತು. ಸಾಧಾರಣ ಮೈಕೊಂದನ್ನು ಗಿಟಾರಿನ ತಗಡಿನಿಂದ ಗೇಣು ದೂರದಲ್ಲಿಟ್ಟರು. ಪಿಕಪ್ಪೂ ಇಲ್ಲ, ಏನೂ ಇಲ್ಲ. ಇಪ್ಪತ್ತೆರಡು ವರ್ಷದ ಟೆಕ್ನಿಕಲ್ ವಿಷಯ ಅರ್ಧ ನಿಮಿಷದಲ್ಲಿ ಮುಗಿಯಿತು.

ನಾನು ಎಂದಿನಂತೆ ಹಿಂದೆ ಹೋಗಿ ನಿಂತೆ. ಅವಳು ನುಡಿಸತೊಡಗಿದಳು. ಕೊನೆಯ ಸಾಲಿನಲ್ಲಿ ಮೊಬೈಲ್ ನೋಡುತ್ತಿದ್ದವರು ತಲೆಯೆತ್ತಿದರು, ಬಾಗಿಲಲ್ಲಿ ಹರಟುತ್ತಿದ್ದವರು ಸುಮ್ಮನಾದರು. ನಾನು ಮಾತ್ರ ಉಸಿರು ಬಿಗಿಹಿಡಿದು ಶಿಳ್ಳೆಗಾಗಿ ಕಾಯುತ್ತಿದ್ದೆ. ಈಗ ಬಂತು, ಈಗ ಬಂತು ಎಂದು ಹದಿನೈದು ನಿಮಿಷವೂ ಕಾದೆ. ಅದು ಬರಲೇ ಇಲ್ಲ. ಬಹಳ ಹೊತ್ತು ಚಪ್ಪಾಳೆ ಬೀಳುತ್ತಲೇ ಇತ್ತು.

ಆಮೇಲೆ ಸಂಘದ ಅಧ್ಯಕ್ಷರು ಮೈಕು ಹಿಡಿದು, ಇಂದಿನ ಅದ್ಭುತ ಧ್ವನಿ ವ್ಯವಸ್ಥೆಗೆ ಕಾರಣರಾದ ಹಿರಿಯರು ಎಂದು ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಏನೂ ಮಾಡಿಲ್ಲ ಎಂದೆ. ವಿನಯವೆಂದು ತಿಳಿದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಅವಳಿಗೆ ಒಂದು ಗುಲಾಬಿ ಹೂ ಕೊಟ್ಟರು.

ಆಟೋದಲ್ಲಿ ಗಿಟಾರು ನಮ್ಮಿಬ್ಬರ ನಡುವೆ ಕುಳಿತಿತ್ತು. ಸ್ವಲ್ಪ ದೂರ ಬಂದ ಮೇಲೆ ಅವಳು ಕೇಳಿದಳು: "ಹಿಂದಿನ ಮಟ ಕೇಳಿಸ್ತೇನ್ರಿ?"

"ಚಂದಾಗಿ ಕೇಳಿಸ್ತು. ಎಲ್ಲಾರೂ ಸುಮ್ನಾಗಿಬಿಟ್ರು."

"ಮೂರನೇ ಹಾಡು ಹೆಂಗಿತ್ತು?"

"ಭಾಳ ಚಲೋ ಇತ್ತು. ಎಲ್ಲಾದ್ರಕಿಂತ ಅದ ಚಲೋ ಇತ್ತು," ಎಂದೆ.

ಅವಳು ನನ್ನ ಹೆಗಲ ಮೇಲಿನ ಶಾಲನ್ನು ಎಳೆದುಕೊಂಡು ಗಿಟಾರಿಗೆ ನಿಧಾನವಾಗಿ ಸುತ್ತಿದಳು.

"ನಾ ಬಾರ್ಸಿದ್ದು ಎರಡ ರೀ," ಎಂದಳು.